ಹೂ ಕಟ್ಟಿದ ಕೈಗೆ ಮಿಸೈಲಿನ ತಂತಿ

ಶಾಮಲಾಳನ್ನು ನಾನು ಮೊದಲು ನೋಡಿದ್ದು ಅವಳು ಜಹೀರಾಬಾದಿನ ನಮ್ಮ ಮನೆಯ ಮಾಳಿಗೆ ಕೋಣೆಯನ್ನು ಬಾಡಿಗೆಗೆ ಕೇಳಿಕೊಂಡು ಬಂದ ದಿನ. ಅಂದು ಸೋಮವಾರ, ನಳ ಬಿಡುವ ಹೊತ್ತು. ಬಶೀರಾಬಾದಿನವಳು, ವಯಸ್ಸು ಇಪ್ಪತ್ತಾರು. ಊರಿನಲ್ಲಿ ಹೂ ಕಟ್ಟಿ ಮಾರುತ್ತಿದ್ದವಳು ಈಗ ಮಿಸೈಲ್ ಕಾರ್ಖಾನೆಯೊಂದರಲ್ಲಿ ಕೆಲಸ ಕಲಿಯಲು ಸೇರಿದ್ದಳು. ಮೂರು ತಿಂಗಳಲ್ಲಿ ಕೈ ಕುದುರಿದರೆ ಕೆಲಸ ಕಾಯಂ, ಇಲ್ಲದಿದ್ದರೆ ಮನೆಗೆ.

ಪಕ್ಕದ ಮನೆಯ ಪೀರಮ್ಮ ಬಾಗಿಲಲ್ಲೇ ನಿಂತು, “ಬಾಂಬ್ ಮಾಡಾಕಿ ಬಂದಾಳ. ಬಾಡಿಗಿ ಜೋರು ಮಾಡಿ ಕೇಳಬ್ಯಾಡ್ರಿ ಮತ್ತ,” ಎಂದು ನಕ್ಕಳು.

“ಬಾಂಬಲ್ರಿ ಅಕ್ಕಾ, ಬರೀ ತಂತಿ ಸುತ್ತೂದು,” ಎಂದಳು ಶಾಮಲಾ.

ತಂತಿ ಯಾಕೆ ಎಂದು ನಾನು ಕೇಳಿದೆ.

“ಟ್ಯಾಂಕ್ ಹೊಡೆಯೋ ಮಿಸೈಲ್ರಿ ಆಯಿ. ಹಾರೂವಾಗ ಅದರ ಹಿಂದ ಕೂದಲಿನಂಥ ತಂತಿ ಬಿಚ್ಕೋತ ಹೋಗ್ತದ. ಸಿಪಾಯಿ ದುರ್ಬೀನಿನ್ಯಾಗ ಟ್ಯಾಂಕಿನ ಮ್ಯಾಲೇ ಕಣ್ಣಿಟ್ಟು ಕುಂತಿರಬೇಕು. ಆ ಕಡಿ ಹೊಳ್ಳು, ಈ ಕಡಿ ಹೊಳ್ಳು ಅಂಬೋದು ತಂತ್ಯಾಗೇ ಹೋಗ್ತದ.”

“ತಂತಿ ಹರದ್ರ?”

“ಕುರುಡಾಗಿ ಎಲ್ಲೋ ಬೀಳ್ತದ. ಇಪ್ಪತ್ತು ಲಕ್ಷದ ಮ್ಯಾಲಿನ ಮಾಲು.”

ನಾನು ನಾರಾಯಣಖೇಡದ ನೇಕಾರರ ಓಣಿಯವಳು. ಎಂಟನೆಯ ವಯಸ್ಸಿನಿಂದ ಹನ್ನೊಂದು ವರ್ಷ ಮಗ್ಗದ ಲಾಳಿಯೊಳಗೆ ಕೂರುವ ನೂಲಿನ ಕಡ್ಡಿ, ಅಂದರೆ ಕಂಡಿಕೆ, ಸುತ್ತಿದ್ದೇನೆ. ಲಾಳಿ ಓಡುವಾಗ ಕಂಡಿಕೆ ತಿರುಗುವುದಿಲ್ಲ, ನೂಲು ಅದರ ತುದಿಯಿಂದ ಜಾರಿ ಬರಬೇಕು. ಇವಳ ತಂತಿಯೂ ಹಾಗೆಯೇ. ನಾನು ಸುತ್ತಿದ ನೂಲು ಹರಿಯಿತೆಂದು ಯಾರೂ ಅಂದವರಿಲ್ಲ. ಆದರೂ ನನ್ನನ್ನು ಕರೆದೊಯ್ಯಲು ಯಾರೂ ಬಸ್ಸು ಕಳಿಸಲಿಲ್ಲ. ಇವಳಿಗೆ ಬೆಳಿಗ್ಗೆ ಆರೂವರೆಗೆ ಬಸ್ಸು ಬರುತ್ತಿತ್ತು. ಕೊರಳಲ್ಲಿ ಫೋಟೋ ಇದ್ದ ಬಿಲ್ಲೆ ಬೇರೆ. ಅವಳು ಬಸ್ಸು ಹತ್ತುವುದನ್ನು ದಿನವೂ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದೆ. ಹೊಟ್ಟೆ ಉರಿಯುತ್ತಿತ್ತು.

ಕಾರ್ಖಾನೆಯಿಂದ ಒಂದೆಳೆ ತಂತಿಯನ್ನೂ ಹೊರಗೆ ತರುವಂತಿಲ್ಲ. ಅದಕ್ಕೇ ಅವಳು ಸಂಜೆ ಮೆಟ್ಟಿಲ ಮೇಲೆ ಕೂತು ಹೊಲಿಗೆ ದಾರವನ್ನು ಖಾಲಿ ರೀಲಿಗೆ ಸುತ್ತಿ ಕೈ ಪಳಗಿಸುತ್ತಿದ್ದಳು. ಎರಡನೆಯ ಸಂಜೆಯೇ ತಪ್ಪು ನನ್ನ ಕಣ್ಣಿಗೆ ಬಿತ್ತು. ಹೂ ಕಟ್ಟುವವರು ಪ್ರತಿ ಸುತ್ತಿಗೂ ದಾರ ಜಗ್ಗುತ್ತಾರೆ, ಇಲ್ಲದಿದ್ದರೆ ಹೂ ಉದುರುತ್ತದೆ. ಅವಳ ಹೆಬ್ಬೆರಳು ಇಲ್ಲಿಯೂ ಹಾಗೇ ಜಗ್ಗುತ್ತಿತ್ತು. ಜಗ್ಗಿದ ಸುತ್ತು ಕೆಳಗಿನ ಸುತ್ತಿನೊಳಗೆ ಹೂತುಕೊಳ್ಳುತ್ತದೆ, ಬಿಚ್ಚುವಾಗ ಸಿಕ್ಕಿ ಹರಿಯುತ್ತದೆ. ಒಂದು ಮಾತು ಹೇಳಿದ್ದರೆ ಸಾಕಿತ್ತು. ನಾನು ಅಕ್ಕಿ ಆರಿಸುತ್ತ ಕೂತೆ.

ಪರೀಕ್ಷೆಯಲ್ಲಿ ಅವಳು ಸುತ್ತಿದ್ದು ಒಮ್ಮೆ ಹರಿಯಿತು, ತಿಂಗಳ ಮೇಲೆ ಮತ್ತೊಮ್ಮೆ.

“ಈಗ ತಮ್ಮದೇ ಕಣ್ಣಿದ್ದ ಮಿಸೈಲ್ ಬಂದಾವಂತ್ರಿ ಆಯಿ. ಬಿಟ್ಟ ಮ್ಯಾಲ ತಾವೇ ಟ್ಯಾಂಕ್ ನೋಡ್ಕೋತ ಹೋಗ್ತಾವ. ಕೋಟಿ ದಾಟ್ತದ ಒಂದೊಂದು. ಅವಕ್ಕ ತಂತೀನೇ ಬ್ಯಾಡ,” ಎಂದಳು ಎರಡನೆಯ ಸಲ ಹರಿದ ದಿನ. ನನ್ನ ಕಂಡಿಕೆಯಂತೆ ಅವಳ ತಂತಿಯೂ ಯಾರಿಗೂ ಬೇಡವಾಗುತ್ತದೆಂಬ ಆ ಮಾತು ನನಗೆ ಹಿತವಾಯಿತು.

ಮೂರನೆಯ ಸಲ ಹರಿದ ದಿನ ಬಿಲ್ಲೆ ಒಪ್ಪಿಸಿ ಬಂದಳು. ಮರುದಿನ ಟ್ರಂಕು ಕೆಳಗಿಳಿಸಿ, ರೀಲು ಮತ್ತು ದಾರವನ್ನು ನನ್ನ ಮುಂದಿಟ್ಟು, “ಕೌದಿ ಹೊಲಿಯಾಕ ಇಟ್ಕೋರಿ,” ಎಂದಳು.

ಸುಮ್ಮನೆ ತೆಗೆದಿಡಬಹುದಿತ್ತು. ಅವಳೆದುರು ಒಮ್ಮೆ ನನ್ನ ಕೈ ತೋರಿಸಬೇಕೆನಿಸಿತು. ದಾರವನ್ನು ಜಗ್ಗದೆ, ಎರಡು ಬೆರಳ ನಡುವೆ ತಾನಾಗಿ ಬರಲು ಬಿಟ್ಟು, ರೀಲು ತುಂಬಿಸಿದೆ. ಅವಳು ತುದಿ ಹಿಡಿದು ಬಾಗಿಲ ತನಕ ಓಡಿದಳು. ದಾರ ಎಲ್ಲಿಯೂ ಸಿಕ್ಕಿಕೊಳ್ಳಲಿಲ್ಲ.

“ಹೂ ಕಟ್ಟಿದಂಗ ಜಗ್ಗಬಾರದಿತ್ತು,” ಎಂದೆ.

ಅವಳು ದಾರ ಹಿಡಿದೇ ನಿಂತಳು.

“ದಿನಾ ನಿಮ್ಮ ಮುಂದೇ ಕುಂತು ಸುತ್ತತಿದ್ದೆ. ಯಾವತ್ತಿನಿಂದ ಗೊತ್ತಿತ್ರಿ ಆಯಿ ನಿಮಗ?”