ಬಸವೇಶ್ವರಿಯ ಸ್ವಂತ ಫೋನು

ಶಹಾಪುರದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಬಸವೇಶ್ವರಿಯ ರೊಟ್ಟಿ ಮನೆ ಇದೆ. ಬೆಳಗಾದರೆ ಹೆಂಗಸರು ಸಾಲಾಗಿ ಕೂತು ಜೋಳದ ರೊಟ್ಟಿ ಬಡಿಯುತ್ತಾರೆ. ಆ ಸದ್ದಿನಲ್ಲಿ ಪಕ್ಕದವರ ಮಾತೂ ಕೇಳದು. ಗಂಡ ತೀರಿದ ಮೇಲೆ ವ್ಯಾಪಾರಕ್ಕಿಳಿದ ಆಕೆ ಮೊದಲು ಕೊಂಡದ್ದು ರೊಟ್ಟಿ ಬೇಯಿಸುವ ಹೆಂಚಲ್ಲ, ಫೋನು. ಗಂಟೆ ಓಣಿಯ ತುದಿಗೆ ಕೇಳಬೇಕು, ಕರೆದವರ ನಂಬರು ದಪ್ಪ ಅಂಕಿಯಲ್ಲಿ ಮೂಡಬೇಕು ಎಂದು ಕಲಬುರಗಿಯಲ್ಲಿ ಅಂಗಡಿ ಅಂಗಡಿ ತಿರುಗಿ ತಂದ ಫೋನು.

ಅಲ್ಲೊಂದು ಪದ್ಧತಿ ಬೆಳೆದಿದೆ. ಸುರಪುರದ ಖಾನಾವಳಿಯ ತಿಮ್ಮಣ್ಣ, ತಿಂಥಣಿಯ ಚಹಾದಂಗಡಿಯವರು ಬೆಳಿಗ್ಗೆ ಒಂದೇ ಗಂಟೆ ಬಾರಿಸಿ ಕಟ್ ಮಾಡುತ್ತಾರೆ. ನಿನ್ನೆ ಕಳಿಸಿದಷ್ಟೇ ರೊಟ್ಟಿ ಇವತ್ತೂ ಕಳಿಸಿ ಎಂದು ಅರ್ಥ. ಹೆಚ್ಚು ಕಡಿಮೆ ಬೇಕಿದ್ದರೆ ಮಾತ್ರ ಬಿಡದೆ ಬಾರಿಸುತ್ತಾರೆ. ಒಂದೇ ಗಂಟೆಗೆ ಹಿಟ್ಟಿನ ಕೈಯಲ್ಲಿ ಫೋನ್ ಎತ್ತುವವರಾರು? ಎತ್ತಿದರೆ ಇವತ್ತು ರೊಟ್ಟಿ ಇಲ್ಲವೆಂದೇ ಅರ್ಥ. ಸಾಲಿನ ಹಿರಿಯಳಾದ ಮರಿಲಿಂಗಮ್ಮ ಕೂತಲ್ಲಿಂದಲೇ ಅಂಕಿ ನೋಡಿ, "ಸುರಪುರದ ತಿಮ್ಮಣ್ಣಂದು!" ಎಂದು ಕೂಗುತ್ತಾಳೆ. ರೊಟ್ಟಿಯ ಗಂಟು ಬಸ್ಸೇರುತ್ತದೆ.

ಹಳೆಯ ಟೆಲಿಫೋನ್ ತಂತಿ ಸತ್ತ ಮೇಲೆ ಬಸವೇಶ್ವರಿ ಇಂಟರ್ನೆಟ್ ಮೇಲೆ ಓಡುವ ಮನೆ ಫೋನು ಹಾಕಿಸಿಕೊಂಡಳು. ಗೋಡೆಗೆ ದೀಪ ಮಿಣುಕುವ ಒಂದು ಪೆಟ್ಟಿಗೆ ಬಂತು. ಅದರ ಬೆನ್ನಿಗಿರುವ ತೂತಿಗೆ ನಿಮ್ಮ ಫೋನಿನ ವಯರನ್ನೇ ಚುಚ್ಚಿಕೊಳ್ಳಿ ಎಂದು ಹೇಳಿಯೇ ಕಂಪನಿಯವರು ಹೋಗಿದ್ದರು. ಕೆಲವು ವಾರ ನಡೆಯಿತು. ಆಮೇಲೊಂದು ಮುಂಜಾನೆ ಫೋನು ಸತ್ತು ಬಿದ್ದಿತ್ತು.

ರಿಪೇರಿಗೆ ಬಂದ ಕಂಪನಿಯ ರೇವಣಸಿದ್ದ ಕೈಯಲ್ಲೊಂದು ಬಿಳಿ ಫೋನು ಹಿಡಿದಿದ್ದ.

"ನಿಮ್ಮ ಸಾಮಾನು ಕೆಟ್ಟದರಿ ಯಕ್ಕಾ. ಅದಕ್ಕ ಮ್ಯಾಲಿಂದನ ಆ ತೂತು ಬಂದ್ ಮಾಡ್ಯಾರ. ಇನ್ನ ಕಂಪನಿ ಫೋನೇ ಹಚ್ಚಬೇಕು."

"ನಿನ್ನಿ ತನಕ ಓಣಿ ಎಬ್ಬಸ್ತಿತ್ತು. ಕೆಟ್ಟದ್ದು ನಿಮಗ ಹ್ಯಾಂಗ ಗೊತ್ತಾತು?"

"ದಿನಾ ಕರೆ ಬರ್ತಾವ, ಒಂದೂ ಎತ್ತಂಗಿಲ್ಲ. ಯಾದಗಿರಿ ಆಫೀಸಿನಾಗ ಎಲ್ಲಾ ಕಾಣಸ್ತದ್ರಿ."

ಹೆಂಗಸರ ಕೈಗಳು ನಿಂತವು. ಮರಿಲಿಂಗಮ್ಮ ಪೆಟ್ಟಿಗೆಯನ್ನೇ ನೋಡುತ್ತ ಸೆರಗು ಎಳೆದುಕೊಂಡಳು. "ಅಯ್ಯ! ಇದಕ್ಕ ಕಣ್ಣೂ ಅವ ಏನು?"

ರೇವಣಸಿದ್ದ ಹಚ್ಚಿಹೋದ, ತಂತಿಯಿಲ್ಲದ ಬಿಳಿ ಫೋನಿನದು ಕೊಳಲಿನಂಥ ದನಿ. ರೊಟ್ಟಿ ಸದ್ದಿನಲ್ಲಿ ಕೇಳಲೇ ಇಲ್ಲ. ಸುರಪುರದ ಬಸ್ಸು ಗಂಟಿಲ್ಲದೆ ಹೋಯಿತು. ತಿಮ್ಮಣ್ಣ ಮೂರನೆಯ ಸಲಕ್ಕೆ ಸಿಟ್ಟಾಗಿ, ಬೇರೆ ಕಡೆ ನೋಡಿಕೊಳ್ಳುತ್ತೇನೆಂದು ಹೇಳಿ ಕಳಿಸಿದ. ಆತ ಹೋದರೆ ಸಾಲಿನಲ್ಲಿ ಇಬ್ಬರು ಹೆಂಗಸರಿಗೆ ಕೆಲಸವಿಲ್ಲ.

ಬಸವೇಶ್ವರಿ ಯಾದಗಿರಿ ಆಫೀಸಿಗೇ ಹೋದಳು. ಅಲ್ಲಿನ ಸಾಹೇಬ ಕಂಪ್ಯೂಟರಿನ ಪರದೆ ತಿರುಗಿಸಿ ತೋರಿಸಿದ: ಸುರಪುರದಿಂದ ಒಂದೇ ಸಲ ಗಂಟೆ, ಕಟ್, ತಿಂಥಣಿಯಿಂದ ಒಂದೇ ಸಲ ಗಂಟೆ, ಕಟ್.

"ಖರೇ ಹೇಳ್ರಿ ಅಮ್ಮಾರ, ಓಸಿ ಬರ್ಕೋತೀರೇನು?"

ಓಸಿ ಎಂದರೆ ನಂಬರಿನ ಜೂಜು; ಆಡುವವರು ಇಂಥ ಕಳ್ಳ ಕರೆಗಳಲ್ಲೇ ನಂಬರು ಕಟ್ಟುತ್ತಾರೆಂದು ಸಾಹೇಬನ ಎಣಿಕೆ. ದಿನವಿಡೀ ಒಲೆಯ ಹೊಗೆ ಕುಡಿದು ಮಾನದಿಂದ ಬದುಕುವ ಹೆಂಗಸಿಗೆ ಕೇಳುವ ಮಾತೇ ಇದು? ಸಾಮಾನು ಕೆಟ್ಟಿದೆ ಎಂದದ್ದು ಬರೀ ನೆವ. ತಮಗೆ ಅರ್ಥವಾಗದ್ದು ಕಂಡರೆ ಈ ಕಂಪನಿಯವರು ಮೊದಲು ಬೀಗ ಹಾಕುತ್ತಾರೆ, ಆಮೇಲೆ ಕಳ್ಳರನ್ನು ಹುಡುಕುತ್ತಾರೆ.

ಬಸವೇಶ್ವರಿ ಅಳಲಿಲ್ಲ. "ನಾಳೆ ಮುಂಜಾನೆ ನಿಮ್ಮ ಮನಷ್ಯಾನ್ನ ಕಳಸ್ರಿ. ತೂತು ತೆಗೀಲಿ. ನಮ್ಮ ಜೂಜು ಕಣ್ಣಾರೆ ನೋಡ್ಲಿ," ಎಂದು ಎದ್ದು ಬಂದಳು. ಆ ಸಂಜೆಯೇ ಬಸ್ಸಿನವನ ಕೈಯಲ್ಲಿ ತಿಮ್ಮಣ್ಣನಿಗೆ, ನಾಳೆ ಒಂದು ದಿನ ಎಂದಿನಂತೆ ಬಾರಿಸಿ ನೋಡು ಎಂದು ಹೇಳಿ ಕಳಿಸಿದಳು.

ಮರುದಿನ ರೇವಣಸಿದ್ದ ಮೊಬೈಲಿನಲ್ಲಿ ಏನೋ ಒತ್ತಿ ತೂತಿನ ಬೀಗ ತೆಗೆದ. ಆಕೆ ತನ್ನ ಫೋನು ಚುಚ್ಚಿದಳು. ರೊಟ್ಟಿ ಬಡಿಯುವ ಸದ್ದು ಏರಿತು. ತುಸು ಹೊತ್ತಿಗೆ ಗಂಟೆ ಹೊಡೆಯಿತು. ರೇವಣಸಿದ್ದ ಬೆಚ್ಚಿಬಿದ್ದು ಎತ್ತಲು ಕೈ ಚಾಚಿದ. ಬಸವೇಶ್ವರಿ ಹಿಟ್ಟಿನ ಕೈಯಿಂದಲೇ ಅವನ ಮುಂಗೈಗೆ ಹೊಡೆದಳು.

"ಮುಟ್ಟಬ್ಯಾಡಲೇ! ಎತ್ತಿದ್ರ ಇವತ್ತ ರೊಟ್ಟಿ ಇಲ್ಲಂತ ಗಿರಾಕಿ ಗಾಬರಿ ಆಗ್ತಾನ."

ಗಂಟೆ ನಿಂತಿತು. "ತಿಮ್ಮಣ್ಣಂದು!" ಮರಿಲಿಂಗಮ್ಮನ ಕೂಗು. ಗಂಟು ಕಟ್ಟಿಯಾಯಿತು.

ರೇವಣಸಿದ್ದ ಅಂಗಿ ತೋಳಿನ ಹಿಟ್ಟು ಕೊಡವುತ್ತ ಆಫೀಸಿಗೆ ಫೋನಾಯಿಸಿದ. "ಸಾಹೇಬ್ರ, ಓಸಿ ಅಲ್ರಿ. ರೊಟ್ಟಿ ಅದ. ಹೌದ್ರಿ, ರೊಟ್ಟಿ! ಫೋನು ಕೆಟ್ಟಿಲ್ರಿ, ಕಿವಿ ಹರಿಯೂವಂಗ ಅದ." ತೂತು ತೆರೆದೇ ಇರಲಿ ಎಂದು ಅಪ್ಪಣೆಯಾಯಿತು.

"ಫೋನ್ ಇಡಬ್ಯಾಡ, ಇನ್ನೊಂದು ಕೇಳು," ಎಂದಳು ಆಕೆ. "ನನ್ನ ಮನಿಗಿ ಯಾರು ಎಷ್ಟೊತ್ತಿಗೆ ಬಾರಸ್ತಾರಂತ ಎಣಸಾಕ ಯಾರು ಹೇಳಿದ್ರಂತ?"

ಅವನು ದನಿ ತಗ್ಗಿಸಿ ಕೇಳಿದ. ಬಹಳ ಹೊತ್ತು ಹೂಂಗುಟ್ಟಿದ.

"ಏನಂದ?"

"ಸೇವಾ ಚೊಲೊ ಮಾಡಾಕಂತ್ರಿ."

"ಎಣಸೂದು ಬಿಡ್ತಾರಂತೇನು?"

"ಅದು ನಮ್ಮ ಕೈಯಾಗಿಲ್ರಿ ಯಕ್ಕಾ."

ಅವನ ಬಿಳಿ ಫೋನನ್ನು ಬಸವೇಶ್ವರಿ ಅವನ ಚೀಲಕ್ಕೇ ತುರುಕಿದಳು, ಮೇಲೆ ಎರಡು ರೊಟ್ಟಿ ಇಟ್ಟಳು. ತಿಮ್ಮಣ್ಣ ಮರಳಿ ಗಿರಾಕಿಯಾಗಿದ್ದಾನೆ. ಸಾಲಿನ ಯಾರ ಕೆಲಸವೂ ಹೋಗಿಲ್ಲ. ಆದರೆ ಸುರಪುರದ ಕೊನೆಯ ಗಂಟು ಬಸ್ಸೇರಿದ ಕೂಡಲೇ ಆಕೆ ಕೈ ಒರೆಸಿಕೊಂಡು ಬಂದು ಪೆಟ್ಟಿಗೆಯ ಕರೆಂಟು ಕಿತ್ತು ಹಾಕುತ್ತಾಳೆ. ಮರುದಿನ ಬೆಳಗಾಗುವ ತನಕ ಆ ಮನೆಯ ಗೋಡೆಯ ಮೇಲೆ ಯಾವ ದೀಪವೂ ಮಿಣುಕುವುದಿಲ್ಲ.