ಬಂಗಾರ ಬಳಿದ ಒಗೆಯುವ ಕಲ್ಲು

ಶಿವಮೊಗ್ಗ ಬೆಳೆಯುತ್ತಿದೆ ಎನ್ನುವಾಗ ಹುಲಿಯಪ್ಪ ಊರನ್ನು ತಾನೇ ಹೊತ್ತು ಹೆತ್ತವನಂತೆ ಎದೆಯುಬ್ಬಿಸುತ್ತಿದ್ದ. ಅವನ ಹೆಂಡತಿ ಕರಿಬಸಮ್ಮನಿಗೆ ಆ ಬೆಳವಣಿಗೆ ಕಾಣಿಸಿದ್ದು ಬಟ್ಟೆಯ ಕೊಳೆಯಲ್ಲಿ. ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸ್‌ಗೆ ಮದುವೆಯಾಗಿ ಬಂದಾಗ ಗಂಡನ ಅಂಗಿಯಿಂದ ಕಬ್ಬಿಣದ ಕಪ್ಪು ಇಳಿಯುತ್ತಿತ್ತು. ಅವನು ರಿಟೈರಾಗಿ ಶಿವಮೊಗ್ಗದ ವಿದ್ಯಾನಗರದಲ್ಲಿ ಮನೆ ಕಟ್ಟಿಸಿದ ಮೇಲೆ, ಸದಾ ಅಗೆಯುತ್ತಲೇ ಇರುವ ರಸ್ತೆಗಳ ಕೆಂಧೂಳು ಇಳಿಯತೊಡಗಿತು. ಎರಡನ್ನೂ ಇಳಿಸಿದ್ದು ಒಂದೇ ಕಲ್ಲು. ಕ್ವಾರ್ಟರ್ಸ್ ಬಿಡುವಾಗ ನೆರೆಮನೆಯ ಸಣ್ಣಮ್ಮನ ಜೊತೆ ಸೇರಿ ಆ ಒಗೆಯುವ ಕಲ್ಲನ್ನು ಎಬ್ಬಿಸಿ ಟೆಂಪೋಗೆ ಹತ್ತಿಸಿದ್ದಳು. ಹುಲಿಯಪ್ಪ ಆಗ ಡ್ರೈವರ್ ಪಕ್ಕ ಕೂತು, ದಾರಿ ತೋರಿಸುವ ಭಾರ ಹೊತ್ತಿದ್ದ.

ಮನೆಯಲ್ಲಿ ವಾಷಿಂಗ್ ಮಷೀನ್ ಇತ್ತು. ಆದರೆ ಬಿಳಿ ಪಂಚೆ, ಬಿಳಿ ಅಂಗಿಯ ಹುಲಿಯಪ್ಪನಿಗೆ ಮಷೀನಿನ ಬಿಳುಪು ಹಿಡಿಸುತ್ತಿರಲಿಲ್ಲ. "ಕಲ್ಲಿಗೆ ಬಡಿದ್ರೇನೇ ಬಿಳಿ" ಎನ್ನುತ್ತಿದ್ದ, ಒಂದು ಕರ್ಚೀಫನ್ನೂ ಹಿಂಡಿ ಅರಿಯದವನು.

ಬಿಲ್ಡರ್ ತ್ರಿವಿಕ್ರಮ ಬಂದು, ಈ ಮನೆ ಕೆಡವಿ ಅಪಾರ್ಟ್‌ಮೆಂಟ್ ಎಬ್ಬಿಸೋಣ, ನಿಮಗೆ ಎರಡು ಫ್ಲಾಟ್ ಎಂದ. ಗಂಡಸರಿಬ್ಬರೂ ಕೂತು ಊರಿನ ಭವಿಷ್ಯ ತೀರ್ಮಾನಿಸಿದರು. ಕಾಫಿ ತಂದ ಕರಿಬಸಮ್ಮ ಕೇಳಿದ್ದು ಒಂದೇ.

"ಟೆರೇಸ್ ಮೇಲೆ ನನ್ ಕಲ್ಲು ಹಾಕ್ಸಿ, ಪಕ್ಕದಲ್ಲೊಂದು ನಲ್ಲಿ. ಇನ್ನೇನೂ ಬೇಡ."

"ಅದೇನು ದೊಡ್ಡದು ಅಕ್ಕಾ!" ಎಂದ ತ್ರಿವಿಕ್ರಮ. ಹುಲಿಯಪ್ಪ ತಲೆಯಾಡಿಸಿದ.

ಕಟ್ಟಡ ಏಳುವವರೆಗೆ ಕಲ್ಲನ್ನು ಅಲ್ಲೇ ಬಿಟ್ಟು, ಬಾಡಿಗೆ ಮನೆಯ ಬಚ್ಚಲಲ್ಲಿ ಬಗ್ಗಿ ಒಗೆದು ಅವಳ ಸೊಂಟ ಸೋತಿತು. ಗಂಡ ಮಾತ್ರ ದಿನವೂ ನೋಡಿಬಂದು ಲಿಫ್ಟು, ಗ್ರಾನೈಟು, ಜಿಮ್ಮು ಎಂದು ವರದಿ ಒಪ್ಪಿಸುತ್ತಿದ್ದ. ಜಿಮ್ಮಿನಲ್ಲಿ ಗಂಡಸರಿಗೆ ಮೈ ಬಗ್ಗಿಸುವುದನ್ನು ಕಲಿಸುತ್ತಾರಂತೆ.

ಉದ್ಘಾಟನೆಯ ಹಿಂದಿನ ಸಂಜೆ, ಹೊಸ ಫ್ಲಾಟಿಗೆ ಸಾಮಾನು ಸೇರಿಸಿ ಅವಳು ಟೆರೇಸಿಗೆ ಹೋದಳು. ಅಲ್ಲಿ ಪಾರ್ಟಿ ಹಾಲ್ ಇತ್ತು. ನಲ್ಲಿಯೂ ಇಲ್ಲ, ಬಟ್ಟೆ ಹಾಕುವ ತಂತಿಯೂ ಇಲ್ಲ.

"ಕಲ್ಲೆಲ್ರೀ?" ಕೆಳಗಿಳಿದು ಗಂಡನನ್ನು ಕೇಳಿದಳು.

"ಗೇಟ್ ಹತ್ರ ನೋಡಿಲ್ವಾ? ಎಷ್ಟು ಚೆಂದ ಕಾಣ್ತದೆ ಮಾರಾಯ್ತಿ!"

ಅವಳ ಕಲ್ಲು ಗೇಟಿನ ಬಳಿ ಹುಲ್ಲುಹಾಸಿನ ನಡುವೆ ಕೂತಿತ್ತು. ಆಗಷ್ಟೇ ಬಳಿದ ಬಂಗಾರದ ಬಣ್ಣ, ಮೇಲೊಂದು ಹೂಕುಂಡ, ಕೆಳಗಿನಿಂದ ಲೈಟು. ಬಡಿದು ಬಡಿದು ಸವೆದ ಜಾಗಕ್ಕೆ ಪುಟ್ಟಿ ಮೆತ್ತಿದ್ದರು.

"ಹಳೇ ಸಾಮಾನಿದ್ರೆ ಬಿಲ್ಡಿಂಗಿಗೊಂದು ಗತ್ತು ಅಂದ ತ್ರಿವಿಕ್ರಮ. ಮೇಲೆ ಬಟ್ಟೆ ನೇತಾಕಿದ್ರೆ ಲುಕ್ಕೇ ಹೋಗ್ತದಂತೆ. ನಾನೂ ಹೂಂ ಅಂದೆ. ಇದು ಸಿಟಿ ಕಣೇ, ಕ್ವಾರ್ಟರ್ಸ್ ಅಲ್ಲ. ನಾಳೆ ಭಾಷಣ ನಂದೇ. ಬಿಳೀದು ಒಗೆದಿಡು. ಮಷೀನಿಗೆ ಹಾಕ್ಬೇಡ ಮತ್ತೆ."

ಕರಿಬಸಮ್ಮ ಕಲ್ಲಿನ ಬಣ್ಣವನ್ನು ಬೆರಳಿನಿಂದ ಮುಟ್ಟಿ ನೋಡಿದಳು. "ಹಾಕಲ್ಲ ಬಿಡಿ" ಎಂದಳು.

ಬೆಳಿಗ್ಗೆ ಇದ್ದಬದ್ದ ಬಿಳಿ ಬಟ್ಟೆಯನ್ನೆಲ್ಲ ಬಕೆಟ್ಟಿಗೆ ತುಂಬಿ ಲಿಫ್ಟಿನಲ್ಲಿ ಇಳಿದಳು. ಹೂಕುಂಡ ಪಕ್ಕಕ್ಕಿಟ್ಟಳು, ಗಿಡಕ್ಕೆ ನೀರು ಬಿಡುವ ಪೈಪು ಎಳೆದಳು, ಸೆರಗು ಸಿಕ್ಕಿಸಿ ಬಡಿಯತೊಡಗಿದಳು. ಶಾಮಿಯಾನದಲ್ಲಿ ಕುರ್ಚಿ ಹಾಕಿಸುತ್ತಿದ್ದ ತ್ರಿವಿಕ್ರಮ ಓಡಿಬಂದ.

"ಅಕ್ಕಾ, ಪೇಂಟು ಇನ್ನೂ ಹಸಿ ಇದೆ!"

"ಕಾಣ್ತಿದೆ. ಸ್ವಲ್ಪ ಆ ಕಡೆ ನಿಲ್ಲಪ್ಪ, ಹಾರ್ತದೆ."

ಹುಲಿಯಪ್ಪ ಬನಿಯನ್, ಟವೆಲಿನಲ್ಲೇ ಇಳಿದು ಬರುವ ಹೊತ್ತಿಗೆ ಅತಿಥಿಗಳು ಗೇಟಿನಲ್ಲಿ ನೆರೆದಿದ್ದರು. ಗೇಟಿನ ಮೇಲೆ ಅವನ ಪಂಚೆ, ಅಂಗಿಗಳು ಹಳದಿ ಹಳದಿಯಾಗಿ ನೀರು ಸುರಿಸುತ್ತಿದ್ದವು. ಪುಟ್ಟಿ ಎದ್ದುಹೋಗಿ ಕಲ್ಲಿನ ಸವೆದ ಮೈ ಕರ್ರಗೆ ಕಾಣುತ್ತಿತ್ತು.

"ಥೂ, ಮಾನ ಕಳೆದ್ಯಲ್ಲೇ! ಈಗೇನು ಉಡ್ಲಿ ನಾನು?"

"ಕಲ್ಲಿಗೆ ಬಡಿದ್ರೇನೇ ಬಿಳಿ ಅಂತಿದ್ರಲ್ಲ, ಬಡಿದಿದೀನಿ." ಖಾಲಿ ಬಕೆಟ್ಟನ್ನು ಅವನ ಕೈಗೆ ತುರುಕಿದಳು. "ಕಲ್ಲು ಮೇಲೆ ಬರೋವರ್ಗೂ ನಿಮ್ ಬಟ್ಟೆ ನೀವೇ ಒಗ್ಕೊಳ್ಳಿ. ಲುಕ್ ಕೆಡದಂಗೆ."