ವಿಮಾನದ ಬುಟ್ಟಿಯ ಕದಿರಮ್ಮ

ಶಿಡ್ಲಘಟ್ಟದ ಈ ಬೀದಿಗೆ ನಲ್ಲಿ ನೀರು ಬರುವುದು ಮೂರು ದಿನಕ್ಕೊಮ್ಮೆ, ಬೆಳಗಿನ ಐದು ಗಂಟೆಗೆ. ಬಿಂದಿಗೆಗಳ ಸಾಲಿನಲ್ಲಿ ಕದಿರಮ್ಮನವರದು ನಾಲ್ಕನೆಯದು. ಸರದಿ ಬಂದು ಬಿಂದಿಗೆ ಅರ್ಧ ತುಂಬಿರುವಾಗ ಬೆಂಗಳೂರಿನ ಮೆಟಡಾರ್ ವ್ಯಾನೊಂದು ಅವರ ಮನೆಯ ಮುಂದೆ ನಿಂತು ಹಾರನ್ ಹೊಡೆಯುತ್ತದೆ.

"ಏನ್ ಕದಿರಮ್ಮಾ, ವಿಮಾನನೇ ಮನೆ ಬಾಗ್ಲಿಗೆ ಬಂದೈತೆ! ಹತ್ಕೊಂಡು ಹೋಗ್ಬುಡು, ನಿನ್ನ ನೀರು ನಾನ್ ಹಿಡ್ಕೊತೀನಿ" ಎಂದು ಪಕ್ಕದ ಮನೆಯ ವಜೀರುನ್ನೀಸಾ ನಗುತ್ತಾರೆ.

"ಹಿಡಿಯೋದೇನೋ ಹಿಡೀತೀಯ, ಯಾರ ಬಿಂದಿಗೆಗೆ ಅಂತ ನಂಗೊತ್ತಿಲ್ವಾ" ಎನ್ನುತ್ತ ಕದಿರಮ್ಮ ಒದ್ದೆ ಕೈ ಸೆರಗಿಗೆ ಒರೆಸಿಕೊಂಡು ಹೊರಡುತ್ತಾರೆ. ವ್ಯಾನಿನ ಹಿಂಬಾಗಿಲು ತೆರೆದಿದೆ. ಹೋದ ತಿಂಗಳು ಕಳಿಸಿದ ಬುಟ್ಟಿಗಳಲ್ಲಿ ಹನ್ನೊಂದು ವಾಪಸ್ ಬಂದು ಅಂಗಳದಲ್ಲಿ ಉರುಳಾಡುತ್ತಿವೆ. ಅವುಗಳ ನಡುವೆ ಬೆಂಗಳೂರಿನ ಅಂಗಡಿಯ ಮ್ಯಾನೇಜರ್ ಚನ್ನಕೇಶವ, ಕಂಕುಳಲ್ಲಿ ಚರ್ಮದ ಬ್ಯಾಗು ಸಿಕ್ಕಿಸಿಕೊಂಡು ನಿಂತಿದ್ದಾರೆ.

ಕದಿರಮ್ಮನವರದು ಬಿದಿರಿನ ಕೆಲಸ. ತವರು ದಿಬ್ಬೂರಹಳ್ಳಿಯಲ್ಲಿ ಏಳನೇ ವಯಸ್ಸಿಗೇ ಕೈಗೆ ಮಚ್ಚು ಬಂತು. ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ರೇಷ್ಮೆ ಹುಳ ಗೂಡು ಕಟ್ಟುವ ಚಂದ್ರಂಕಿಗಳನ್ನು ಹೆಣೆದರು. ಗಂಡ ವೆಂಕಟರಾಯಪ್ಪ ಬಿದಿರಿನ ಲಾರಿಯಿಂದ ಬಿದ್ದು ಸೊಂಟ ಹೋದವರು, ಕೂತಲ್ಲೇ ದಬ್ಬೆ ಸೀಳಿಕೊಡುತ್ತಾರೆ. ಪ್ಲಾಸ್ಟಿಕ್ಕಿನ ಚಂದ್ರಂಕಿ ಬಂದ ಮೇಲೆ ಕೆಲಸ ಕಡಿಮೆಯಾಯಿತು. ಚಿಂತಾಮಣಿಯ ಟೊಮೆಟೊ ಬುಟ್ಟಿಗಳಷ್ಟೇ ಉಳಿದವು. ಐದು ವರ್ಷದ ಹಿಂದೆ, ತೊಂಬತ್ತೊಂದರಲ್ಲಿ, ಸಾಕುಪ್ರಾಣಿಗಳ ಸಾಮಾನು ಮಾರುವ ಬೆಂಗಳೂರಿನ ಅಂಗಡಿಯೊಂದು ಇವರನ್ನು ಹುಡುಕಿಕೊಂಡು ಬಂತು. ವಿಮಾನದಲ್ಲಿ ಹೋಗುವವರು ಪುಟ್ಟ ನಾಯಿಯನ್ನೋ ಬೆಕ್ಕನ್ನೋ ತಮ್ಮ ಜೊತೆಯಲ್ಲೇ ಕೂರಿಸಿಕೊಂಡು ಹೋಗಲು ಮುಚ್ಚಳವಿರುವ ಬುಟ್ಟಿ ಬೇಕಿತ್ತು.

ಒಂದು ಬುಟ್ಟಿಗೆ ಐವತ್ತಾರು ದಬ್ಬೆ. ಒಂದೊಂದನ್ನೂ ಮೂರು ಸಲ ಹೆರೆಯಬೇಕು. ಬಿದಿರಿನ ನುಣುಪು ಮೈ ಒಳಗಡೆಗೆ ಬರಬೇಕು, ಹೊರಗಲ್ಲ. "ನೋಡೋರಿಗೆ ಚೆಂದ ಕಾಣ್ಲಿ ಅಂತ ಎಲ್ರೂ ಹೊರಗಡೆ ಹಾಕ್ತಾರೆ. ಒಳಗಿರೋದು ಮೂಗಪ್ರಾಣಿ. ಸಿಬಿರು ಚುಚ್ಚಿದ್ರೆ ಹೇಳ್ಕೊಳಕ್ಕೆ ಬಾಯಿದ್ಯಾ ಅದಕ್ಕೆ?" ಎನ್ನುತ್ತಾರೆ ಕದಿರಮ್ಮ. ಹೆಣೆದು ಮುಗಿದ ಮೇಲೆ ಬುಟ್ಟಿಯೊಳಗೆ ಕೈ ಹಾಕಿ, ತಮ್ಮ ಕೆನ್ನೆಯನ್ನೂ ತಾಗಿಸಿ ನೋಡುತ್ತಾರೆ. ಕೈ ಒರಟಾಗಿದೆ, ಅದನ್ನು ನಂಬುವ ಹಾಗಿಲ್ಲವಂತೆ.

ಅವರ ಬುಟ್ಟಿಗೆ ಇನ್ನೊಂದು ಗುರುತು, ಅದನ್ನು ನೆಲದಿಂದ ಎತ್ತಿ ನಿಲ್ಲಿಸಲು ತಳಕ್ಕೆ ಕಟ್ಟಿದ ಎರಡು ಬೆರಳೆತ್ತರದ ಬಿದಿರಿನ ಬಳೆ. ರೇಷ್ಮೆ ಸೀಮೆಯಲ್ಲಿ ಹುಳವಿರುವ ಯಾವ ತಟ್ಟೆಯನ್ನೂ ನೆಲಕ್ಕೆ ತಾಗಿಸುವುದಿಲ್ಲ, ಇರುವೆ ಹತ್ತುತ್ತದೆ. ಜೀವ ಇರುವ ಸಾಮಾನು ನೆಲ ಬಿಟ್ಟು ನಿಲ್ಲಬೇಕೆಂಬುದು ಅವರ ಕೈಗೇ ಗೊತ್ತು. ವಿಮಾನದ ಬುಟ್ಟಿಗೂ ಹಾಗೇ ಕಟ್ಟಿದರು. ಆಕಾಶದಲ್ಲಿ ಇರುವೆ ಎಲ್ಲಿಂದ ಬರಬೇಕು ಎಂದು ಅವರು ಯೋಚಿಸಲಿಲ್ಲ. ಬಳೆ ಬೇಡ ಎಂದು ಈ ಐದು ವರ್ಷದಲ್ಲಿ ಯಾರೂ ಹೇಳಿಯೂ ಇಲ್ಲ.

ಆ ಎರಡು ಬೆರಳೇ ಈಗ ಮುಳುವಾಗಿದೆ. ಚನ್ನಕೇಶವ ಹೇಳುವ ಪ್ರಕಾರ, ಮೊದಲೆಲ್ಲ ಬುಟ್ಟಿಯನ್ನು ತೊಡೆಯ ಮೇಲೆ ಇಟ್ಟುಕೊಂಡರೂ ವಿಮಾನದವರು ಸುಮ್ಮನಿರುತ್ತಿದ್ದರಂತೆ. ಈಗ ಅದು ಮುಂದಿನ ಸೀಟಿನ ಕೆಳಗೆ ಕೂರಲೇಬೇಕು. ಹೋದ ವಾರ ದೆಹಲಿಗೆ ಹೊರಟ ವಯಸ್ಸಾದ ಹೆಂಗಸೊಬ್ಬರ ಬುಟ್ಟಿ ಅಲ್ಲಿ ಕೂರಲಿಲ್ಲ. ಅದರಲ್ಲಿದ್ದ ಪಮೇರಿಯನ್ ನಾಯಿಯನ್ನು ಪೆಟ್ಟಿಗೆಗಳ ಜೊತೆ ವಿಮಾನದ ಕೆಳಗಿನ ಸಾಮಾನಿನ ಗೂಡಿಗೆ ಹಾಕಿದರು. ಇಳಿಸಿಕೊಳ್ಳುವಾಗ ಅದು ಸತ್ತಿತ್ತು.

"ಅದರ ಹೆಸ್ರೇನು ಸಾರ್?" ಎಂದು ಕದಿರಮ್ಮ ಕೇಳುತ್ತಾರೆ.

"ಯಾರ್ದು?"

"ನಾಯಿದು."

"ಅದೆಲ್ಲ ಯಾಕಮ್ಮ ಈಗ? ಆ ಯಮ್ಮ ಲಾಯರ್ ನೋಟೀಸ್ ಕೊಟ್ಟವ್ರೆ. ಇಲ್ಲೊಂದು ಹೆಬ್ಬೆಟ್ಟು ಒತ್ತು, ಮುಗೀತು" ಎಂದು ಚನ್ನಕೇಶವ ಬ್ಯಾಗಿನಿಂದ ಟೈಪು ಮಾಡಿದ ಹಾಳೆಯನ್ನೂ ಶಾಯಿಯ ಡಬ್ಬಿಯನ್ನೂ ತೆಗೆಯುತ್ತಾರೆ.

ಮನೆಯಲ್ಲಿ ಓದು ಬರುವುದು ನಾಲ್ಕನೇ ಕ್ಲಾಸಿನ ಮಗಳು ಗಂಗರತ್ನಳಿಗೆ ಮಾತ್ರ. ಅವಳು ಬೆರಳಿಟ್ಟು ಓದುತ್ತಾಳೆ: "ಅಂಗಡಿಯವರು ಕೊಟ್ಟ ಅಳತೆಯನ್ನು ಮೀರಿ ಬುಟ್ಟಿ ಮಾಡಿದ್ದು ನನ್ನ ತಪ್ಪು. ನಾಯಿಯ ಸಾವಿಗೆ ನಾನೇ ಹೊಣೆ. ಇಂತಿ, ಕದಿರಮ್ಮ."

ಐದು ವರ್ಷ ಇವರ ಪ್ರತಿ ಬುಟ್ಟಿಯ ಮುಚ್ಚಳಕ್ಕೂ ಅಂಗಡಿ ತನ್ನ ಹೆಸರಿನ ಪಟ್ಟಿ ಹೊಲಿದಿದೆ. ಶಿಡ್ಲಘಟ್ಟ ಅಂತಾಗಲಿ, ಕದಿರಮ್ಮ ಅಂತಾಗಲಿ ಎಲ್ಲೂ ಇಲ್ಲ. ಬುಟ್ಟಿ ಚೆನ್ನಾಗಿದ್ದಷ್ಟು ದಿನ ಅದು ಅಂಗಡಿಯದು. ನಾಯಿ ಸತ್ತ ದಿನ ಅದು ಕದಿರಮ್ಮನದು! ಈ ಹೆಸರು ಮೊದಲ ಸಲ ಟೈಪಾಗಿರುವುದು ತಪ್ಪೊಪ್ಪಿಗೆಯ ಕೆಳಗೆ. ಅದನ್ನು ಬರೆಸಿದವರಿಗೆ ನಾಚಿಕೆ ಎಂಬುದು ಬೇಡವೇ?

"ಅಮ್ಮಾ, ಅಳತೆ..." ಎಂದು ಗಂಗರತ್ನ ಬಾಯಿ ತೆರೆಯುತ್ತಾಳೆ.

"ಸುಮ್ನಿರಮ್ಮ ನೀನು" ಎಂದು ಕದಿರಮ್ಮ ಗದರುತ್ತಾರೆ. ಈ ಅಂಗಡಿ ಕೈಬಿಟ್ಟರೆ ಬೇರೆ ಅಂಗಡಿಯಿಲ್ಲ.

ವೆಂಕಟರಾಯಪ್ಪ ಗೋಡೆ ಹಿಡಿದು ಎದ್ದು ನಿಲ್ಲುತ್ತಾರೆ. "ವಿಮಾನದ ಒಳಗೆ ಹೆಂಗಿರ್ತೈತೆ ಅಂತ ನಾವೇನ್ ಕಂಡಿದ್ದೀವಾ ಸ್ವಾಮಿ?"

"ಕಾಣೋದೇನ್ ಬಂತು ಯಜಮಾನ್ರೇ? ಯುಗಾದಿ ಹೊತ್ಗೇ ವಿಮಾನದೋರು ಅಳತೆ ಚೀಟಿ ಕಳ್ಸಿದ್ರು. ನಮ್ಮ ಓನರ್ ಡ್ರಾಯರ್‌ನಲ್ಲೇ ಐತೆ, ಬೇಕಾದ್ರೆ ಬಂದು ನೋಡಿ."

ಆ ಚೀಟಿ ಈ ಮನೆಗೆ ಬಂದೇ ಇಲ್ಲ. ಆಡಿದ ಮೇಲೆ ಚನ್ನಕೇಶವರಿಗೇ ತಾವು ಆಡಿದ್ದೇನೆಂದು ತಿಳಿದಂತಿದೆ. ಶಾಯಿಯ ಡಬ್ಬಿಯನ್ನು ಬೇಗ ಮುಂದೆ ತಳ್ಳುತ್ತಾರೆ. ವಜೀರುನ್ನೀಸಾ ತುಂಬಿದ ಬಿಂದಿಗೆಯನ್ನು ತಂದು ಬಾಗಿಲಲ್ಲಿ ಇಳಿಸಿ ಅಲ್ಲೇ ನಿಲ್ಲುತ್ತಾರೆ. ನಗು ಇಲ್ಲ. ಕದಿರಮ್ಮನವರ ಬಲ ಹೆಬ್ಬೆರಳು ಶಾಯಿಯ ಮೇಲೆ ಬರುತ್ತದೆ. ದಬ್ಬೆ ಹೆರೆದು ಹೆರೆದು ಅದರ ಗೆರೆಗಳೆಲ್ಲ ಸವೆದಿವೆ.

"ತಪ್ಪು ಮಾಡಿದ್ರೆ ಒಪ್ಕೊತಿದ್ದೆ ಸಾರ್" ಎಂದು ಅವರು ಮೆಲ್ಲಗೆ ಹೇಳುತ್ತಾರೆ. "ನನ್ನ ಬುಟ್ಟೀಲಿ ಇದುವರ್ಗೂ ಒಂದು ಜೀವಕ್ಕೆ ಸಿಬಿರು ಚುಚ್ಚಿಲ್ಲ."

"ಆಯ್ತಮ್ಮ, ಆಯ್ತು. ಒತ್ತು."

ಗಂಗರತ್ನ ಹಾಳೆಯನ್ನು ಎರಡು ಕೈಯಲ್ಲೂ ಎದೆಗೆ ಅವುಚಿಕೊಳ್ಳುತ್ತಾಳೆ. ಅಮ್ಮ ಕಣ್ಣಲ್ಲೇ ಬೇಡವೆಂದರೂ ಈ ಸಲ ನೋಡುವುದಿಲ್ಲ.

"ಸಾರ್, ಬುಟ್ಟಿನ ಸೀಟಿನ ಕೆಳಗೆ ಇಡ್ತಾರೆ ಅಂತ ನಮ್ಮಮ್ಮಂಗೆ ನೀವು ಯಾವತ್ತು ಹೇಳಿದ್ರಿ?"